ಅಟ್ಟದ ಮೇಲಿನ ಟ್ರಂಕು ಮತ್ತು ನ್ಯಾಯಮೂರ್ತಿ ಬ್ರಾಂಡೈಸ್ ಅವರ ಕಾಗದಗಳು

ಪ್ರಶ್ನೆ: ನಮ್ಮ ಅಜ್ಜ ಹಳೆಯ ಮೈಸೂರು ಸಂಸ್ಥಾನದಲ್ಲಿ ಮುನ್ಸೀಫರಾಗಿ ಸೇವೆಗೆ ಸೇರಿ, ಜಿಲ್ಲಾ ನ್ಯಾಯಾಧೀಶರಾಗಿ ನಿವೃತ್ತರಾದವರು. ಆಮೇಲೆ ಹಾಸನದಲ್ಲಿಯೇ ನೆಲೆಸಿ ವಿದ್ಯಾರ್ಥಿನಿಲಯ, ವಾಚನಾಲಯ, ಸಹಕಾರ ಸಂಘ ಎಂದು ಊರ ಕೆಲಸಗಳಲ್ಲಿ ಇಪ್ಪತ್ತು ವರ್ಷ ಕಳೆದರು. ಅವರ ಎರಡು ಟ್ರಂಕು ಕಾಗದಗಳು ಅಟ್ಟದ ಮೇಲಿವೆ. ಈಗ ಮನೆ ಕೆಡವಿ ಹೊಸದಾಗಿ ಕಟ್ಟಿಸುವವರಿದ್ದೇವೆ. ತೀರ್ಪುಗಳ ನಕಲುಗಳನ್ನು ಮಾತ್ರ ಇಟ್ಟುಕೊಂಡು ಉಳಿದ ಚಿಲ್ಲರೆ ಕಾಗದಗಳನ್ನು ಗುಜರಿಗೆ ಹಾಕೋಣವೆಂಬುದು ಮನೆಯವರ ಅಭಿಪ್ರಾಯ. ಅಮೆರಿಕದಲ್ಲಿ ಓದುತ್ತಿರುವ ನನ್ನ ಮಗಳು, ಲೂಯಿವಿಲ್ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಬ್ರಾಂಡೈಸ್ ಎಂಬ ಯಹೂದಿ ನ್ಯಾಯಮೂರ್ತಿಯ ಕಾಗದಗಳನ್ನು ಎಷ್ಟು ಜತನದಿಂದ ಇಟ್ಟಿದ್ದಾರೆಂದು ತಿಳಿಸಿ, ಏನನ್ನೂ ಎಸೆಯಬೇಡಿ ಎಂದು ಹಟ ಹಿಡಿದಿದ್ದಾಳೆ. ಅಷ್ಟು ದೊಡ್ಡವರ ವಿಷಯ ನಮಗೆ ಅನ್ವಯಿಸುತ್ತದೆಯೆ? — ಓದುಗರು, ಹಾಸನ

ಉತ್ತರ: ಅನ್ವಯಿಸುತ್ತದೆ. ಅಷ್ಟೇ ಅಲ್ಲ, ತಾವು ಮಾಡಹೊರಟಿರುವ ಆಯ್ಕೆಯನ್ನು ದಯವಿಟ್ಟು ತಲೆಕೆಳಗು ಮಾಡಿಕೊಳ್ಳಿ. ಜಾಗವಿಲ್ಲವೆಂದು ಏನನ್ನಾದರೂ ಬಿಡಲೇಬೇಕಾಗಿ ಬಂದರೆ ಟೈಪು ಮಾಡಿದ ತೀರ್ಪಿನ ನಕಲುಗಳನ್ನು ಬಿಡಬಹುದು. ಚಿಲ್ಲರೆ ಎಂದು ತಾವು ಕರೆದಿರುವ ಕಾಗದಗಳನ್ನು ಬಿಡಬಾರದು. ತೀರ್ಪು ಎಂಬುದು ಹುಟ್ಟುವಾಗಲೇ ನಾಲ್ಕು ಕಡೆ ನೆಲೆ ಕಂಡುಕೊಳ್ಳುವ ಕಾಗದ. ಮೂಲವು ನ್ಯಾಯಾಲಯದಲ್ಲಿ ಉಳಿಯುತ್ತದೆ, ನಕಲುಗಳು ಕಕ್ಷಿದಾರರ ಮನೆಗೂ ವಕೀಲರ ಕಚೇರಿಗೂ ಹೋಗುತ್ತವೆ, ಮೇಲಿನ ನ್ಯಾಯಾಲಯಗಳ ಮುಖ್ಯ ತೀರ್ಪುಗಳು ಕಾನೂನು ವರದಿಗಳಲ್ಲಿ ಅಚ್ಚಾಗುತ್ತವೆ. ಆದರೆ ವಿದ್ಯಾರ್ಥಿನಿಲಯಕ್ಕೆ ಯಾವ ವರ್ಷ ಯಾವ ಊರಿನಿಂದ ಎಷ್ಟು ಪಲ್ಲ ರಾಗಿ ಬಂತು, ಯಾರು ವಾರಾನ್ನ ಹಾಕಲು ಒಪ್ಪಿದರು, ಯಾರು ಯಾವ ಕಾರಣ ಹೇಳಿ ಹಿಂದೆ ಸರಿದರು ಎಂಬುದು ಆ ಟ್ರಂಕಿನಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಪ್ರಪಂಚದಲ್ಲಿ ಇನ್ನೆಲ್ಲಿಯೂ ಇಲ್ಲ.

ಬ್ರಾಂಡೈಸ್ ಅವರ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ತಮ್ಮ ಮಗಳು ಎತ್ತಿಕೊಂಡಿರುವ ಉದಾಹರಣೆ ಈ ಮಾತಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಲೂಯಿ ಬ್ರಾಂಡೈಸ್ ಹುಟ್ಟಿದ್ದು 1856ರ ನವೆಂಬರ್ 13ರಂದು, ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ. ತಂದೆತಾಯಿಗಳು ಪ್ರಾಗ್ ಕಡೆಯಿಂದ ವಲಸೆ ಬಂದ ಯಹೂದಿಗಳು. ಹಾರ್ವರ್ಡ್‌ನಲ್ಲಿ ಕಾನೂನು ಓದಿ ಬಾಸ್ಟನ್‌ನಲ್ಲಿ ವಕೀಲಿ ಹಿಡಿದ ಅವರು, ಒಳ್ಳೆಯ ಸಂಪಾದನೆಯ ನಡುವೆಯೂ ಊರ ಜನರ ಕೆಲಸಗಳನ್ನು ಶುಲ್ಕವಿಲ್ಲದೆ ಹಿಡಿಯುತ್ತಿದ್ದುದರಿಂದ ಜನರ ವಕೀಲ ಎಂದೇ ಹೆಸರಾದರು. ಖಾಸಗಿ ವಿಮಾ ಕಂಪನಿಗಳು ಬಡ ಕಾರ್ಮಿಕರಿಂದ ವಾರವಾರ ವಸೂಲು ಮಾಡುತ್ತಿದ್ದ ಕಂತಿನಲ್ಲಿ ಬಹುಪಾಲು ಖರ್ಚಿಗೇ ಹೋಗುತ್ತಿರುವುದನ್ನು ಲೆಕ್ಕ ಹಾಕಿ ತೋರಿಸಿ, ಉಳಿತಾಯ ಬ್ಯಾಂಕುಗಳೇ ಕಡಿಮೆ ದರದಲ್ಲಿ ಜೀವವಿಮೆ ಮಾಡುವ ಕಾಯಿದೆಯನ್ನು 1907ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ತರಿಸಿದರು. 1910ರಲ್ಲಿ ನ್ಯೂಯಾರ್ಕಿನ ಬಟ್ಟೆ ಹೊಲಿಗೆ ಕಾರ್ಮಿಕರ ಮುಷ್ಕರದಲ್ಲಿ ಮಧ್ಯಸ್ಥರಾದರು. ಐವತ್ತೇಳು ದಾಟಿದ ಮೇಲೆ, 1914ರಲ್ಲಿ, ಯಹೂದಿಗಳಿಗೆ ಪ್ಯಾಲೆಸ್ಟೈನ್‌ನಲ್ಲಿ ತಾಯ್ನಾಡು ಬೇಕೆನ್ನುವ ಝಿಯೋನಿಸ್ಟ್ ಚಳವಳಿಯ ಅಮೆರಿಕದ ನಾಯಕತ್ವ ವಹಿಸಿದರು. ಅಧ್ಯಕ್ಷ ವಿಲ್ಸನ್ 1916ರ ಜನವರಿಯಲ್ಲಿ ಅವರನ್ನು ಸುಪ್ರೀಂ ಕೋರ್ಟಿಗೆ ಹೆಸರಿಸಿದಾಗ ನಾಲ್ಕು ತಿಂಗಳು ಕಾವೇರಿದ ವಿರೋಧ ನಡೆದು, ಜೂನ್ 1ರಂದು ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ 47ಕ್ಕೆ 22 ಮತಗಳಿಂದ ನೇಮಕ ಸ್ಥಿರವಾಯಿತು. ಆ ನ್ಯಾಯಾಲಯದ ಮೊದಲ ಯಹೂದಿ ನ್ಯಾಯಮೂರ್ತಿ ಅವರೇ. 1939ರಲ್ಲಿ ನಿವೃತ್ತರಾಗಿ 1941ರಲ್ಲಿ ತೀರಿಕೊಂಡರು.

ಈಗ ಕಾಗದಗಳ ಮಾತು. ಅವು ಒಂದೇ ಕಡೆ ಇಲ್ಲ. ಸುಪ್ರೀಂ ಕೋರ್ಟಿನ ಕೆಲಸಕ್ಕೆ ಸಂಬಂಧಿಸಿದ ಕರಡುಗಳೂ ಟಿಪ್ಪಣಿಗಳೂ ಹಾರ್ವರ್ಡ್ ಕಾನೂನು ಶಾಲೆಯ ಗ್ರಂಥಾಲಯಕ್ಕೆ ಸೇರಿದವು. ವಿಮೆ, ರೈಲ್ವೆ, ಕಾರ್ಮಿಕರು, ಝಿಯೋನಿಸ್ಟ್ ಸಂಘಟನೆ, ಬಂಧುಮಿತ್ರರ ಪತ್ರಗಳು ಹೀಗೆ ಸಾರ್ವಜನಿಕ ಬದುಕಿನ ರಾಶಿ ಲೂಯಿವಿಲ್ ವಿಶ್ವವಿದ್ಯಾಲಯದ ಕಾನೂನು ಶಾಲೆಗೆ ಹೋಯಿತು. ಆ ಶಾಲೆಗೆ ಈಗ ಅವರದೇ ಹೆಸರಿದೆ. ಅವರ ತೀರ್ಪುಗಳನ್ನು ಓದಬೇಕೆನ್ನುವವರು ಈ ಎರಡು ಊರುಗಳಿಗೂ ಹೋಗಬೇಕಾಗಿಲ್ಲ, ಅವು ಅಚ್ಚಾದ ಸಂಪುಟಗಳಲ್ಲಿವೆ. ಹಾರ್ವರ್ಡಿಗೆ ಹೋಗುವವರು ಹುಡುಕುವುದು ಹೊರಬಾರದ ತೀರ್ಪುಗಳನ್ನು. ಬ್ರಾಂಡೈಸ್ ಬಹುಮತದ ತೀರ್ಪನ್ನು ಒಪ್ಪದೆ ತಮ್ಮ ಭಿನ್ನಮತವನ್ನು ಬರೆದು, ಅಚ್ಚಿಗೆ ಕೊಟ್ಟು ತಿದ್ದಿ, ಮತ್ತೆ ಅಚ್ಚಿಗೆ ಕೊಟ್ಟು, ಕೊನೆಗೆ ಸಹೋದ್ಯೋಗಿಗಳೊಡನೆ ಹೊಂದಾಣಿಕೆಯಾದಾಗ ಅದನ್ನು ಪ್ರಕಟಿಸದೆ ಒಳಗಿಟ್ಟ ಪ್ರಸಂಗಗಳಿವೆ. ಅಂಥ ಕೆಲವು ಬರಹಗಳು ಅವರು ತೀರಿಕೊಂಡು ಹದಿನಾರು ವರ್ಷಗಳಾದ ಮೇಲೆ, 1957ರಲ್ಲಿ, ಪುಸ್ತಕವಾಗಿ ಬಂದವು. ಆದ್ದರಿಂದ ಅಜ್ಜನವರ ಸ್ವಂತ ಕೈಬರಹದ ಕರಡುಗಳು, ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿದ ಕಾಗದಗಳು ಟ್ರಂಕಿನಲ್ಲಿ ಕಂಡರೆ ಅವುಗಳಿಗೆ ನಾನು ಮೇಲೆ ಹೇಳಿದ ರಿಯಾಯಿತಿ ಅನ್ವಯಿಸುವುದಿಲ್ಲ.

ಲೂಯಿವಿಲ್‌ಗೇ ಏಕೆ ಕೊಟ್ಟರು ಎಂಬುದನ್ನು ತಾವು ಗಮನಿಸಬೇಕು. ಹೆಸರು, ಹಣ, ಅಧಿಕಾರ ಎಲ್ಲವೂ ಬಂದದ್ದು ಬಾಸ್ಟನ್ ಮತ್ತು ವಾಷಿಂಗ್ಟನ್‌ಗಳಲ್ಲಿ. ಹುಟ್ಟೂರಿನ ವಿಶ್ವವಿದ್ಯಾಲಯ ಆಗ ಸಣ್ಣದು. 1920ರ ದಶಕದಿಂದಲೇ ಅವರು ಅದರ ಗ್ರಂಥಾಲಯವನ್ನು ಬೆಳೆಸಲು ತಮ್ಮ ಪುಸ್ತಕಗಳನ್ನೂ ಕಾಗದಗಳನ್ನೂ ಕಳಿಸುತ್ತ, ಮನೆಯವರನ್ನೂ ಈ ಕೆಲಸಕ್ಕೆ ಹಚ್ಚಿದ್ದರು. ಕೊನೆಗೆ ಅವರ ಚಿತಾಭಸ್ಮವನ್ನೂ ಆ ಕಾನೂನು ಶಾಲೆಯ ಮುಂಭಾಗದ ಮಂಟಪದ ಕೆಳಗೇ ಇರಿಸಲಾಯಿತು. ನಮ್ಮ ಜಿಲ್ಲೆಗಳಲ್ಲಿ ಇದನ್ನು ಕೇಳಿದವರು ಕೂಡಲೇ, ಹಾಗಾದರೆ ನಾವೂ ಊರಿನ ಕಾಲೇಜಿಗೇ ಕೊಡೋಣ ಎನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಬ್ರಾಂಡೈಸ್ ಮೊದಲು ಇಟ್ಟುಕೊಳ್ಳುವ ಜಾಗವನ್ನು ಗಟ್ಟಿ ಮಾಡಿದರು, ಆಮೇಲೆ ಕಾಗದಗಳನ್ನು ಕೊಟ್ಟರು. ಗ್ರಂಥಪಾಲಕರ ಹುದ್ದೆ ವರ್ಷಗಟ್ಟಲೆ ಖಾಲಿ ಇರುವ, ಮಳೆಗಾಲದಲ್ಲಿ ಗೋಡೆ ಬೆವರುವ ಕೋಣೆಗೆ ಊರಿನ ಅಭಿಮಾನದಿಂದ ಟ್ರಂಕನ್ನು ಕಳಿಸುವುದಕ್ಕಿಂತ, ಬೆಂಗಳೂರಿನ ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯವರಿಗೆ ಮೊದಲು ಒಂದು ಪತ್ರ ಬರೆಯುವುದು ಮೇಲು. ಯಾರಿಗೆ ಕೊಟ್ಟರೂ ಮೂರು ವಿಷಯಗಳನ್ನು ಕೇಳಿ ಬರವಣಿಗೆಯಲ್ಲಿ ಪಡೆಯಿರಿ: ಸಂಗ್ರಹವನ್ನು ಒಡೆಯದೆ ಒಂದೇ ಹೆಸರಿನಲ್ಲಿ ಇಡುತ್ತಾರೆಯೆ, ವಿವರಪಟ್ಟಿ ತಯಾರಿಸುತ್ತಾರೆಯೆ, ಬಂದು ಓದುವವರಿಗೆ ಮೇಜೂ ಬೆಳಕೂ ಇದೆಯೆ. ಸ್ಕ್ಯಾನ್ ಮಾಡಿದ ಒಂದು ಪ್ರತಿ ಹಾಸನದಲ್ಲಿ ಉಳಿದರೆ ಊರಿಗೂ ನ್ಯಾಯ ಸಿಕ್ಕಂತಾಗುತ್ತದೆ.

ಇಂಥ ಕಾಗದಗಳಲ್ಲಿ ಏನು ಸಿಗುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ. ಸುಪ್ರೀಂ ಕೋರ್ಟಿನಿಂದ ಒಬ್ಬರು ನಿವೃತ್ತರಾದಾಗ ಉಳಿದ ನ್ಯಾಯಮೂರ್ತಿಗಳೆಲ್ಲ ಸಹಿ ಹಾಕಿ ಬೀಳ್ಕೊಡುಗೆಯ ಪತ್ರ ಕೊಡುವುದು ಅಲ್ಲಿನ ವಾಡಿಕೆ. 1939ರಲ್ಲಿ ಬ್ರಾಂಡೈಸ್ ಅವರಿಗೆ ಕೊಟ್ಟ ಪತ್ರಕ್ಕೆ ನ್ಯಾಯಮೂರ್ತಿ ಮೆಕ್‌ರೆನಾಲ್ಡ್ಸ್ ಸಹಿ ಹಾಕಲಿಲ್ಲ. ಯಹೂದಿಗಳ ಬಗ್ಗೆ ಆತನಿಗಿದ್ದ ದ್ವೇಷ ಎಲ್ಲರಿಗೂ ಗೊತ್ತಿದ್ದ ಸಂಗತಿಯಾದರೂ, ಇಪ್ಪತ್ತೆರಡು ವರ್ಷಗಳ ಒಡನಾಟದ ಕೊನೆಯ ದಿನವೂ ಅದು ಕರಗಲಿಲ್ಲವೆಂಬುದಕ್ಕೆ ಹಾಳೆಯಲ್ಲಿ ಇಲ್ಲದ ಒಂದು ಹೆಸರೇ ಸಾಕ್ಷಿ. ಅಜ್ಜನವರ ಸಂಘದ ನಡವಳಿ ಪುಸ್ತಕದಲ್ಲೂ ಸಹಿ ಮಾಡಿದವರ ಜೊತೆಗೆ, ಹಾಜರಿದ್ದೂ ಸಹಿ ಮಾಡದೆ ಎದ್ದು ಹೋದವರು ಯಾರೆಂದು ನೋಡಿ.

ಹಾಗೆಂದು ಎಲ್ಲವೂ ಮನೆತನದ ಗೌರವ ಹೆಚ್ಚಿಸುವಂತೆಯೇ ಇರುತ್ತದೆಂದು ತಿಳಿಯಬೇಡಿ. ಬ್ರಾಂಡೈಸ್ ಅವರು ನ್ಯಾಯಪೀಠದಲ್ಲಿದ್ದಾಗಲೇ, ಆಗ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರಿಗೆ ಸಾರ್ವಜನಿಕ ಕೆಲಸಗಳ ಖರ್ಚಿಗೆಂದು ವರ್ಷವರ್ಷವೂ ಹಣ ಕಳಿಸುತ್ತಿದ್ದರೆಂಬುದು ಅವರಿಬ್ಬರ ಪತ್ರಗಳಿಂದ 1982ರಲ್ಲಿ ದೊಡ್ಡ ಸುದ್ದಿಯಾಯಿತು. ಅದು ತಪ್ಪೋ ಒಪ್ಪೋ ಎಂಬ ವಾದ ಇಂದಿಗೂ ಇದೆ. ವಾದಕ್ಕೆ ಎರಡೂ ಕಡೆಯವರು ಬಳಸುವುದು ಅದೇ ಪತ್ರಗಳನ್ನು. ಮೊಮ್ಮಕ್ಕಳೋ ಶಿಷ್ಯರೋ ಒಳ್ಳೆಯದನ್ನಷ್ಟೇ ಆರಿಸಿ ಉಳಿಸಿದ್ದರೆ ಅವರನ್ನು ಸಮರ್ಥಿಸಿಕೊಳ್ಳುವವರ ಕೈಯಲ್ಲೂ ಆಧಾರ ಇರುತ್ತಿರಲಿಲ್ಲ.

ಇನ್ನು ಕೈಹಾಕುವ ಮೊದಲು ಒಂದು ಎಚ್ಚರಿಕೆ. ಇದು ನನ್ನ ಸ್ವಂತ ತಪ್ಪಿನಿಂದ ಕಲಿತದ್ದು. ಬಹಳ ವರ್ಷಗಳ ಹಿಂದೆ ಸಕಲೇಶಪುರದ ಕಡೆಯ ಒಂದು ಮನೆಯವರು ಪುರಸಭೆಯ ಸದಸ್ಯರಾಗಿದ್ದ ತಮ್ಮ ಹಿರಿಯರ ಕಾಗದಗಳನ್ನು ನನ್ನ ಕೈಗೆ ಒಪ್ಪಿಸಿದ್ದರು. ರುಮಾಲಿನಲ್ಲಿ ಕಟ್ಟಿದ ಏಳು ಕಟ್ಟುಗಳು. ಉತ್ಸಾಹದಲ್ಲಿ ಏಳನ್ನೂ ಬಿಚ್ಚಿ, ತುಕ್ಕು ಹಿಡಿದ ಗುಂಡುಸೂಜಿಗಳನ್ನು ಕಿತ್ತು, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿಬಿಟ್ಟೆ. ನೋಡಲು ಬಹಳ ಚೆನ್ನಾಗಿತ್ತು. ಆಮೇಲೆ ಒಂದು ಬಾವಿ ದುರಸ್ತಿಯ ಅರ್ಜಿಯ ಹಿಂಬದಿಯಲ್ಲಿ ‘ಡಾಕ್ಟರ ಕಾಗದದ ಸಂಗಡ ನೋಡುವುದು’ ಎಂಬ ಬರಹ ಕಣ್ಣಿಗೆ ಬಿತ್ತು. ಯಾವ ಡಾಕ್ಟರು, ಯಾವ ಕಾಗದ? ಆ ಎರಡನ್ನೂ ಸೇರಿಸಿ ಚುಚ್ಚಿದ್ದ ಗುಂಡುಸೂಜಿಯನ್ನು ಕಿತ್ತವನು ನಾನೇ. ರಾಶಿಯಲ್ಲಿ ವೈದ್ಯರ ಪತ್ರಗಳು ಹತ್ತಾರು ಇದ್ದವು. ಅರ್ಜಿಯ ಮೇಲೆ ಆ ಸದಸ್ಯರು ಏಕೆ ಅಷ್ಟು ಬೇಗ ಹಣ ಮಂಜೂರು ಮಾಡಿಸಿದರು ಎಂಬುದಕ್ಕೆ ಕಾರಣ ಆ ಜೋಡಿಯಲ್ಲಿತ್ತು, ಅದು ಹೋಯಿತು.

ಆದುದರಿಂದ ಕಟ್ಟುಗಳನ್ನು ಇರುವ ಹಾಗೆಯೇ ಇಳಿಸಿ. ಒಬ್ಬರು ಬಿಟ್ಟುಹೋದ ಕಾಗದಗಳನ್ನು ಇನ್ನೊಬ್ಬರವುಗಳೊಡನೆ ಬೆರಸಬಾರದು, ಅವರು ಇಟ್ಟಿದ್ದ ಅನುಕ್ರಮವನ್ನು ಕೆಡಿಸಬಾರದು ಎಂಬ ಎರಡು ನಿಯಮಗಳು ಪ್ರಪಂಚದ ಎಲ್ಲ ಪತ್ರಾಗಾರಗಳಿಗೂ ಅಡಿಗಲ್ಲು. ಟ್ರಂಕು ತೆರೆದ ಕೂಡಲೇ ಮೇಲಿನಿಂದ ಒಂದು ಫೋಟೋ ತೆಗೆದುಕೊಳ್ಳಿ. ಪ್ರತಿ ಕಟ್ಟಿಗೂ ಒಂದು ಚೀಟಿ ಇಟ್ಟು ಪೆನ್ಸಿಲಿನಲ್ಲಿ ಸಂಖ್ಯೆ ಬರೆಯಿರಿ; ಪೆನ್ನು ಬೇಡ. ಹರಿದ ಹಾಳೆಗೆ ಸೆಲ್ಲೋಟೇಪು ಅಂಟಿಸಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ತೇವವಿದೆಯೆಂದು ಬಿಸಿಲಿಗೆ ಹರಡಿದರೆ ಶಾಯಿ ಮಾಸುತ್ತದೆ. ನೆರಳಿನಲ್ಲಿ ಫ್ಯಾನಿನ ಗಾಳಿ ಸಾಕು. ಪತ್ರಿಕೆಯ ತುಣುಕುಗಳ ಹುಳಿ ಪಕ್ಕದ ಹಾಳೆಗೂ ಇಳಿದು ಅದನ್ನು ಕಂದು ಮಾಡುವುದರಿಂದ ನಡುವೆ ಬಿಳಿ ಕಾಗದ ಇಡಿ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದದ ಕಾರ್ಬನ್ ಪ್ರತಿಗಳು ಸಿಕ್ಕರೆ ಅವನ್ನು ಚಿನ್ನದಂತೆ ನೋಡಿಕೊಳ್ಳಿ, ಏಕೆಂದರೆ ಒಬ್ಬರ ಟ್ರಂಕಿನಲ್ಲಿ ಸಾಮಾನ್ಯವಾಗಿ ಇರುವುದು ಅವರಿಗೆ ಬಂದ ಪತ್ರಗಳು. ಅವರು ಬರೆದವು ಊರೂರಿನ ಬೇರೆಯವರ ಅಟ್ಟಗಳಲ್ಲಿ ಇರುತ್ತವೆ. ಬ್ರಾಂಡೈಸ್ ಅವರ ಮನಸ್ಸು ಅತ್ಯಂತ ಸಲೀಸಾಗಿ ತೆರೆದುಕೊಳ್ಳುವುದು ಲೂಯಿವಿಲ್‌ನಲ್ಲಿ ಧಾನ್ಯದ ವ್ಯಾಪಾರ ನಡೆಸುತ್ತಿದ್ದ ಅಣ್ಣ ಆಲ್ಫ್ರೆಡ್‌ಗೆ ಬರೆದ ಪತ್ರಗಳಲ್ಲಿ. ಅಣ್ಣನ ಕಡೆಯವರು ಉಳಿಸಿಕೊಂಡದ್ದರಿಂದಲೇ ಅವು ನಮಗೆ ಓದಲು ಸಿಕ್ಕವು.

ಕೊನೆಯದಾಗಿ, ಬೇರೆಯವರ ಮೂಲ ಕ್ರಯಪತ್ರ, ಪಾಲುಪಟ್ಟಿ ಅಥವಾ ನ್ಯಾಯಾಲಯದ ಮೊಹರಿರುವ ಮೂಲ ದಾಖಲೆ ಅಕಸ್ಮಾತ್ತಾಗಿ ಟ್ರಂಕಿನಲ್ಲಿ ಉಳಿದುಬಿಟ್ಟಿದ್ದರೆ ಅದು ಅಜ್ಜನವರ ಆಸ್ತಿಯಲ್ಲ. ವಕೀಲರೊಬ್ಬರಿಗೆ ತೋರಿಸಿ, ಸಲ್ಲಬೇಕಾದ ಕಡೆಗೆ ಸಲ್ಲಿಸಿ.

ಪ್ರಶ್ನೆ: ನಮ್ಮ ಮಾವನವರ ಕಾಗದಗಳಲ್ಲಿ ಊರ ಕೆಲಸದ ಪತ್ರಗಳ ನಡುವೆಯೇ ಅತ್ತೆಯವರ ಕಾಯಿಲೆ, ಅಣ್ಣತಮ್ಮಂದಿರ ಪಾಲಿನ ಜಗಳ, ಹೆಣ್ಣುಮಕ್ಕಳ ಮದುವೆಯ ಸಂಧಾನಗಳ ಪತ್ರಗಳೂ ಇವೆ. ಪತ್ರಾಗಾರಕ್ಕೆ ಕೊಡುವ ಮೊದಲು ಇವನ್ನು ತೆಗೆದು ಸುಟ್ಟುಬಿಡಬಹುದೆ? ಪ್ರಸಿದ್ಧ ಸಾಹಿತಿಯೊಬ್ಬರು ಅವರಿಗೆ ಬರೆದ ಪತ್ರಗಳನ್ನು ನಾವೇ ಅಚ್ಚು ಹಾಕಿಸಬಹುದೆ? — ಓದುಗರು, ಚಿಕ್ಕಮಗಳೂರು

ಉತ್ತರ: ಸುಡುವ ಹಕ್ಕು ತಮಗಿದೆ, ಸುಡಬೇಡಿ ಎಂದು ಕೇಳಿಕೊಳ್ಳುವ ಹಕ್ಕು ನನಗಿದೆ. ಅಮೆರಿಕದ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ 1971ರಲ್ಲಿ ಸಾಯುವ ಮುನ್ನ ತಮ್ಮ ಒಳಚರ್ಚೆಯ ಟಿಪ್ಪಣಿಗಳನ್ನು ಮಗನ ಕೈಯಿಂದ ಸುಡಿಸಿದರು. ಅಲ್ಲಿ 1978ರ ಕಾಯಿದೆಯಿಂದ ಅಧ್ಯಕ್ಷರ ಕಾಗದಗಳು ಸರ್ಕಾರದ ಸ್ವತ್ತಾದರೂ ನ್ಯಾಯಮೂರ್ತಿಗಳವು ಇಂದಿಗೂ ಅವರವರ ಖಾಸಗಿ ಸ್ವತ್ತು.

ಸುಡುವುದಕ್ಕೂ ಎಲ್ಲವನ್ನೂ ತೆರೆದಿಡುವುದಕ್ಕೂ ನಡುವೆ ಒಂದು ದಾರಿಯಿದೆ, ಅದು ಮೊಹರು ಹಾಕಿ ಅವಧಿ ಗೊತ್ತುಮಾಡುವುದು. ಸುಪ್ರೀಂ ಕೋರ್ಟಿನ ಇನ್ನೊಬ್ಬ ನ್ಯಾಯಮೂರ್ತಿ ಡೇವಿಡ್ ಸೌಟರ್ ತಮ್ಮ ಕಾಗದಗಳನ್ನು ನ್ಯೂ ಹ್ಯಾಂಪ್‌ಶೈರ್ ಇತಿಹಾಸ ಸಂಘಕ್ಕೆ ಕೊಡುವಾಗ ತಮ್ಮ ಮರಣದ ನಂತರ 50 ವರ್ಷಗಳವರೆಗೆ ಯಾರಿಗೂ ತೋರಿಸಬಾರದೆಂದು ಷರತ್ತು ಹಾಕಿದರು. ತಾವೂ ಮನೆಯ ಪತ್ರಗಳಿರುವ ಕಟ್ಟಿಗೆ ಮೂವತ್ತೋ ನಲವತ್ತೋ ವರ್ಷ ಎಂದು ಬರೆದುಕೊಡಬಹುದು. ಆದರೆ ಪತ್ರಗಳನ್ನು ಕಟ್ಟಿನಿಂದ ತೆಗೆದರೆ, ಇಂತಲ್ಲಿಂದ ಇಷ್ಟು ಹಾಳೆ ತೆಗೆದಿದೆ ಎಂಬ ಚೀಟಿಯನ್ನು ಆ ಜಾಗದಲ್ಲಿ ಇಡಿ. ಅಂದ ಹಾಗೆ, ಮೊಹರಿಗಿಂತ ಬೀಗ ಮುಖ್ಯ. ಫ್ರಾಂಕ್‌ಫರ್ಟರ್ ಮುಂದೆ ತಾವೂ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ವಿಯೆನ್ನಾದಲ್ಲಿ ಹುಟ್ಟಿ ಹನ್ನೆರಡನೆಯ ವಯಸ್ಸಿನಲ್ಲಿ ವಲಸೆ ಬಂದ ಯಹೂದಿ ಅವರು. ಅವರ ಕಾಗದಗಳು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದ್ದಾಗ, ದಿನಚರಿಗಳೂ ಸೇರಿ ಸಾವಿರಕ್ಕೂ ಹೆಚ್ಚು ಹಾಳೆಗಳು ಕಳವಾಗಿರುವುದು 1972ರಲ್ಲಿ ಪತ್ತೆಯಾಯಿತು. ಕದ್ದವರು ಸಿಗಲಿಲ್ಲ, ಹಾಳೆಗಳೂ ಸಿಗಲಿಲ್ಲ. ಅಂಥ ದೊಡ್ಡ ಗ್ರಂಥಾಲಯದಲ್ಲೇ ಹೀಗಾದ ಮೇಲೆ, ಓದುವವರಿಗೆ ಒಂದು ಸಲಕ್ಕೆ ಒಂದೇ ಪೆಟ್ಟಿಗೆ ಕೊಡುವ ಪತ್ರಾಗಾರದವರ ಮೇಲೆ ಯಾರೂ ಸಿಡಿಮಿಡಿಗೊಳ್ಳಬಾರದು.

ತಮ್ಮ ಸಂಕೋಚ ಮಾತ್ರ ಸಣ್ಣದಲ್ಲ. ಅದಕ್ಕೆ ಕಾನೂನಿನ ಭಾಷೆಯನ್ನು ಕೊಟ್ಟವರೇ ಬ್ರಾಂಡೈಸ್ ಎನ್ನಬಹುದು. ಅವರೂ ಅವರ ವಕೀಲ ಜೊತೆಗಾರ ಸ್ಯಾಮ್ಯುಯೆಲ್ ವಾರೆನ್ ಅವರೂ ಸೇರಿ 1890ರಲ್ಲಿ, ಮನುಷ್ಯನನ್ನು ಅವನ ಪಾಡಿಗೆ ಬಿಡಬೇಕಾದ ಹಕ್ಕಿನ ಬಗ್ಗೆ ಬರೆದ ಲೇಖನವು ಖಾಸಗಿತನದ ಕಾನೂನಿಗೆ ಮೊದಲ ಪಾಠವೆಂದು ಹೆಸರಾಗಿದೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಅರ್ಜಿಯಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ತೀರ್ಪಿತ್ತಾಗ ಆ ಲೇಖನವನ್ನು ವಿಸ್ತಾರವಾಗಿ ಪ್ರಸ್ತಾಪಿಸಿತ್ತು. ಅಂಥ ಲೇಖನ ಬರೆದವರೇ ತಮ್ಮ ಕಾಗದಗಳನ್ನು ಊರಿಗೆ ಬಿಟ್ಟುಹೋದರು, ಹೆಂಡತಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಬರೆದ ಪತ್ರಗಳು ಸಹ ಮುಂದೆ ಅಚ್ಚಾದವು. ಇದರಲ್ಲಿ ವಿರೋಧಾಭಾಸವಿದೆ ಎನ್ನುವವರೊಂದಿಗೆ ನನಗೆ ಸಹಮತವಿಲ್ಲ. ಖಾಸಗಿತನವೆಂದರೆ ಯಾವುದನ್ನು, ಯಾವಾಗ, ಯಾರಿಗೆ ತೋರಿಸಬೇಕೆಂದು ತಾನೇ ನಿರ್ಧರಿಸುವ ಅವಕಾಶ, ಅವರು ನಿರ್ಧರಿಸಿದ್ದರು. ಮಾವನವರು ಏನನ್ನೂ ಹೇಳದೆ ಹೋಗಿರುವುದರಿಂದ ಆ ಭಾರ ತಮ್ಮ ಮೇಲೆ ಬಿದ್ದಿದೆ. ಪತ್ರ ಬರೆದವರು ಅಥವಾ ಅದರಲ್ಲಿ ಹೆಸರು ಬಂದಿರುವ ಹೆಣ್ಣುಮಕ್ಕಳು ಬದುಕಿದ್ದರೆ ಮೊದಲು ಅವರನ್ನೇ ಕೇಳಿ.

ಸಾಹಿತಿಗಳ ಪತ್ರದ ವಿಷಯ: ಕಾಗದ ತಮ್ಮದು, ಅದರಲ್ಲಿರುವ ಬರಹದ ಹಕ್ಕುಸ್ವಾಮ್ಯ ಬರೆದವರದು ಅಥವಾ ಅವರ ವಾರಸುದಾರರದು. ನಮ್ಮ 1957ರ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ಲೇಖಕರ ಮರಣದ ನಂತರ 60 ವರ್ಷಗಳವರೆಗೆ ಈ ಹಕ್ಕು ಇರುತ್ತದೆ. ಅವರ ಜೀವಿತದಲ್ಲಿ ಪ್ರಕಟವಾಗದ ಬರಹಕ್ಕೆ ಮೊದಲ ಪ್ರಕಟಣೆಯಿಂದ 60 ವರ್ಷವೆಂಬ ಲೆಕ್ಕವಿದೆ. ಆದುದರಿಂದ ಹಳೆಯ ಪತ್ರವೆಂದು ಉದಾಸೀನ ಮಾಡದೆ ವಾರಸುದಾರರಿಂದ ಒಪ್ಪಿಗೆ ಪಡೆದೇ ಅಚ್ಚಿಗೆ ಕೊಡಿ.

ಪ್ರಶ್ನೆ: ಯಹೂದಿ ನ್ಯಾಯಾಧೀಶರ ಕಾಗದಗಳೆಂದರೆ ದೂರದ ಮಾತಾಯಿತು. ನಮ್ಮ ದೇಶದ ಇತಿಹಾಸಕ್ಕೆ ಸೇರಿದವರು ಯಾರಾದರೂ ಇದ್ದಾರೆಯೆ? — ಇತಿಹಾಸ ಅಧ್ಯಾಪಕರು, ಕಡೂರು

ಉತ್ತರ: ಇದ್ದಾರೆ, ಮತ್ತು ಅವರ ಹೆಸರನ್ನು ತಾವು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಲೇ ಇರುತ್ತೀರಿ. 1921ರಿಂದ 1926ರವರೆಗೆ ವೈಸ್‌ರಾಯ್ ಆಗಿದ್ದ ಲಾರ್ಡ್ ರೀಡಿಂಗ್ ಅವರ ಮೊದಲ ಹೆಸರು ರುಫಸ್ ಐಸಾಕ್ಸ್. ಲಂಡನ್ನಿನ ಯಹೂದಿ ಹಣ್ಣಿನ ವ್ಯಾಪಾರಿಯ ಮಗ. ಹರೆಯದಲ್ಲಿ ಓದು ಬಿಟ್ಟು ಹಡಗಿನಲ್ಲಿ ಕೆಲಸಕ್ಕೆ ಸೇರಿ ಕಲ್ಕತ್ತಕ್ಕೆ ಬಂದುಹೋಗಿದ್ದವರು, ಆಮೇಲೆ ಷೇರುಪೇಟೆಯಲ್ಲಿ ಕೈಸುಟ್ಟುಕೊಂಡು ವಕೀಲಿ ಹಿಡಿದು, 1913ರಲ್ಲಿ ಇಂಗ್ಲೆಂಡಿನ ಮುಖ್ಯ ನ್ಯಾಯಮೂರ್ತಿಯಾದರು. ಆ ಪೀಠಕ್ಕೂ ವೈಸ್‌ರಾಯ್ ಗದ್ದುಗೆಗೂ ಏರಿದ ಮೊದಲ ಯಹೂದಿ ಅವರೇ. ಅವರ ಖಾಸಗಿ ಕಾಗದಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಇಂಡಿಯಾ ಆಫೀಸಿನ ದಾಖಲೆಗಳ ಜೊತೆಯಲ್ಲಿವೆ.

ಅವುಗಳಲ್ಲಿ ರುಚಿಕಟ್ಟಾದ ಭಾಗ, ಲಂಡನ್ನಿನಲ್ಲಿ ಭಾರತ ಮಂತ್ರಿಯಾಗಿದ್ದ ಎಡ್ವಿನ್ ಮಾಂಟೆಗು ಅವರೊಡನೆ ನಡೆದ ಪತ್ರವ್ಯವಹಾರ. ಮಾಂಟೆಗು ಕೂಡ ಯಹೂದಿ ಮನೆತನದವರು. 1921ರ ಮೇ ತಿಂಗಳಿನಲ್ಲಿ ಶಿಮ್ಲಾದಲ್ಲಿ ಗಾಂಧೀಜಿಯವರೊಡನೆ ಗಂಟೆಗಟ್ಟಲೆ ಮಾತುಕತೆಗಳನ್ನು ನಡೆಸಿದ ರೀಡಿಂಗ್, ಮರುವರ್ಷ ಮಾರ್ಚಿನಲ್ಲಿ ಅವರ ಬಂಧನಕ್ಕೆ ಒಪ್ಪಿಗೆ ಕೊಟ್ಟರು. ಅದೇ ತಿಂಗಳು ಮಾಂಟೆಗು ರಾಜೀನಾಮೆ ಕೊಟ್ಟರು. ಈ ಹತ್ತು ತಿಂಗಳಲ್ಲಿ ಏನೇನು ಬದಲಾಯಿತು ಎಂಬುದನ್ನು ಸರ್ಕಾರಿ ಕಡತ ಒಂದು ರೀತಿಯಲ್ಲಿ ಹೇಳುತ್ತದೆ, ಖಾಸಗಿ ಪತ್ರ ಇನ್ನೊಂದು ರೀತಿಯಲ್ಲಿ ಹೇಳುತ್ತದೆ. ಸರ್ಕಾರಿ ಕಡತಗಳು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಆ ಸಂಸ್ಥೆ ಕಲ್ಕತ್ತದಲ್ಲಿ 1891ರಲ್ಲಿ ಆರಂಭವಾಯಿತು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದದೆ ರೀಡಿಂಗ್ ಅವರ ಬಗ್ಗೆ ತೀರ್ಮಾನ ಹೇಳುವುದು, ವಾದಿಯ ಅರ್ಜಿಯನ್ನಷ್ಟೇ ಓದಿ ಡಿಕ್ರಿ ಬರೆದಂತೆ.

ನ್ಯಾಯಾಧೀಶರಲ್ಲದಿದ್ದರೂ ಇನ್ನೊಬ್ಬರನ್ನು ಹೆಸರಿಸದೆ ಇರಲಾರೆ. ಕೊಚ್ಚಿಯ ಯಹೂದಿ ಎ.ಬಿ. ಸೇಲಂ (1882–1967) ವಕೀಲರು, ಕೊಚ್ಚಿ ಸಂಸ್ಥಾನದ ಶಾಸನ ಪರಿಷತ್ತಿನ ಸದಸ್ಯರು, 1929ರ ಲಾಹೋರ್ ಕಾಂಗ್ರೆಸ್ಸಿಗೆ ಹೋದವರು. ತಮ್ಮದೇ ಸಮುದಾಯದ ಪ್ರಾರ್ಥನಾಮಂದಿರವಾದ ಪರದೇಸಿ ಸಿನಗಾಗ್‌ನಲ್ಲಿ ಒಂದು ವರ್ಗದವರನ್ನು ಕೀಳಾಗಿ ಕಂಡು ಒಳಗಿನ ಬೆಂಚಿನ ಮೇಲೆ ಕೂರಲು ಬಿಡದಿದ್ದುದರ ವಿರುದ್ಧ ಸತ್ಯಾಗ್ರಹದ ದಾರಿ ಹಿಡಿದರು. ಅವರು ಬರೆದಿಟ್ಟ ದಿನಚರಿಗಳಿಲ್ಲದಿದ್ದರೆ ಆ ಹೋರಾಟದ ದಿನದಿನದ ವಿವರ ನಮಗೆ ಸಿಗುತ್ತಿರಲಿಲ್ಲ. ತಮ್ಮ ವಿದ್ಯಾರ್ಥಿಗಳಿಗೆ ರೀಡಿಂಗ್ ಅವರಿಗಿಂತ ಸೇಲಂ ಹೆಚ್ಚು ಹಿಡಿಸಬಹುದೆಂದು ನನ್ನ ಊಹೆ.

ಪ್ರಶ್ನೆ: ಎಲ್ಲವನ್ನೂ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಇಟ್ಟುಕೊಂಡರೆ ಮೂಲ ಕಾಗದವನ್ನು ಉಳಿಸುವ ತಾಪತ್ರಯ ಏಕೆ? ಮಲೆನಾಡಿನ ಮಳೆಯಲ್ಲಿ ಗೆದ್ದಲು, ಬೆಳ್ಳಿಮೀನು ಹುಳುಗಳಿಂದ ಕಾಪಾಡುವುದು ಹೇಳಿದಷ್ಟು ಸುಲಭವಲ್ಲ. — ಓದುಗರು, ಕೊಪ್ಪ

ಉತ್ತರ: ಸುಲಭವಲ್ಲವೆಂದು ಒಪ್ಪುತ್ತೇನೆ. ಆದರೂ ತಮ್ಮ ಪಕ್ಕದ ಶೃಂಗೇರಿಯನ್ನೇ ನೋಡಿ. ಮೈಸೂರಿನ ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ ಅವರು ಟಿಪ್ಪು ಸುಲ್ತಾನ್ ಅಲ್ಲಿನ ಸ್ವಾಮಿಗಳಿಗೆ ಬರೆಸಿದ್ದ ಕನ್ನಡ ಪತ್ರಗಳ ಕಟ್ಟನ್ನು ಮಠದಲ್ಲಿ ಕಂಡದ್ದು 1916ರಲ್ಲಿ, ಅಂದರೆ ಬ್ರಾಂಡೈಸ್ ನ್ಯಾಯಮೂರ್ತಿಯಾದ ವರ್ಷ. 1791ರ ಮರಾಠಾ ದಂಡಿನ ದಾಳಿಯ ವಿವರಗಳಿರುವ ಪತ್ರಗಳು ಅವು. ನೂರಿಪ್ಪತ್ತೈದು ಮಳೆಗಾಲಗಳನ್ನು ಅವು ದಾಟಿ ಬಂದದ್ದು ಯಾರೋ ಕಟ್ಟಿ ಒಣ ಜಾಗದಲ್ಲಿಟ್ಟು ಆಗಾಗ ತೆಗೆದು ನೋಡುತ್ತಿದ್ದುದರಿಂದ. ನಾವು ಈಗ ಕಚೇರಿಯ ಫೈಲಿಗೆ ಹೇಳುವ ಕಡತ ಎಂಬ ಮಾತು ಸಹ ಅಂಥ ಮಠಗಳ, ಶಾನುಭೋಗರ ಮನೆಗಳ ವಸ್ತುವಿನಿಂದಲೇ ಬಂದದ್ದು: ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಪುಸ್ತಕ. ಬಳಪದ ಅಕ್ಷರವನ್ನು ಒರಸಿ ಮತ್ತೆ ಬರೆದಿದ್ದರೆ ಅಡಿಯ ಗುರುತು ಓರೆ ಬೆಳಕಿನಲ್ಲಿ ಕಾಣಬಹುದು. ನೇರ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ ಅದು ಬರುವುದಿಲ್ಲ.

ಕಾಗದದ ನೀರ್ಗುರುತು, ಲಕೋಟೆಯ ಅಂಚೆ ಮೊಹರು, ಗುಂಡುಸೂಜಿಯ ತೂತು ಇವುಗಳ ಮಾತೂ ಅದೇ. ಮೊಬೈಲು ಪ್ರತಿ ಬೇಡವೆಂದಲ್ಲ, ಖಂಡಿತ ಮಾಡಿ, ಎರಡು ಕಡೆ ಇಡಿ. ನೆಲದಿಂದ ಒಂದಡಿ ಮೇಲೆ, ಗೋಡೆಗೆ ತಾಗದಂತೆ ಕಬ್ಬಿಣದ ಕಪಾಟಿನಲ್ಲಿ ಮೂಲಗಳನ್ನಿಟ್ಟು, ಮುಂಗಾರಿಗೆ ಮುನ್ನ ಒಮ್ಮೆ, ದಸರಾ ಕಳೆದ ಮೇಲೆ ಒಮ್ಮೆ ತೆರೆದು ನೋಡಿ. ಸ್ಕ್ಯಾನ್ ಮಾಡುವಾಗ ಹಾಳೆಯ ಹಿಂಬದಿ ಖಾಲಿ ಇದೆಯೆಂದು ತೋರಿದರೂ ಅದನ್ನೂ ತೆಗೆಯಿರಿ. ನನ್ನ ಡಾಕ್ಟರ ಕಾಗದದ ಸುಳಿವು ಇದ್ದದ್ದು ಹಿಂಬದಿಯಲ್ಲಿ.